ಕಾಂಪ್ಯಾಕ್ಟ್ ಕ್ಯಾಮೆರಾದ ಫೋಕಸ್ ಮತ್ತು ಎಕ್ಸ್‌ಪೋಶರ್: ಎಲ್ಲಿಂದ ಕಲಿಯಲು ತೊಡಗಬೇಕು?

ಕಲಿಕೆಗಾರ

ನನ್ನ ಬಳಿ ಜೇಬಿಗೆ ಹಿಡಿಸುವ ಒಂದು ಸಣ್ಣ ಡಿಜಿಟಲ್ ಕ್ಯಾಮೆರಾ ಇದೆ. ಇದುವರೆಗೆ ಅದನ್ನು ಪೂರ್ತಿ ಆಟೋದಲ್ಲೇ ಇಟ್ಟು ಬಳಸುತ್ತಿದ್ದೆ. ಈಗ ಅದರಲ್ಲಿರುವ ಫೋಕಸ್ ಮತ್ತು ಎಕ್ಸ್‌ಪೋಶರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ಆಯ್ಕೆಗಳನ್ನು ಅರ್ಥಮಾಡಿಕೊಂಡು ಬಳಸಬೇಕೆಂದುಕೊಂಡಿದ್ದೇನೆ. ಜೊತೆಗೆ ಬಂದ ಕೈಪಿಡಿಯು ಯಾವ ಆಯ್ಕೆ ಯಾವ ಮೆನುವಿನಲ್ಲಿದೆ ಎಂಬುದನ್ನು ಚೆನ್ನಾಗಿಯೇ ತಿಳಿಸುತ್ತದೆ, ಆದರೆ ಅದು ಯಾವಾಗ ಬೇಕಾಗುತ್ತದೆ ಎಂಬುದನ್ನು ಹೇಳುವುದಿಲ್ಲ.

ಸದ್ಯಕ್ಕೆ ನನ್ನನ್ನು ಕಾಡುತ್ತಿರುವ ಸಂದೇಹಗಳು ಇವು. ಮನೆಯೊಳಗೆ ತೆಗೆದ ಚಿತ್ರಗಳಲ್ಲಿ ಮುಖದ ಮೇಲೆ ಹಸಿರು ಚೌಕ ಮೂಡಿದ್ದರೂ ಮುಖ ಮಸುಕಾಗಿಯೇ ಬರುತ್ತದೆ. ಕಿಟಕಿಯ ಮುಂದೆ ನಿಂತವರ ಮುಖ ಕಪ್ಪಾಗುತ್ತದೆ. ಇನ್ನು ಫೋಕಸ್ ಮೆನುವಿನಲ್ಲಿ ಮುಖ ಪತ್ತೆ, ಬಹುಬಿಂದು, ನಡುಬಿಂದು, ಟ್ರ್ಯಾಕಿಂಗ್ ಎಂದು ನಾಲ್ಕು ಬಗೆಗಳಿವೆ. ಯಾವುದನ್ನು ಖಾಯಂ ಆಗಿ ಇಟ್ಟುಕೊಳ್ಳಬೇಕೆಂದು ತೋಚುತ್ತಿಲ್ಲ. ಕ್ಯಾಮೆರಾದಲ್ಲಿ ಪಿ (ಶಟರ್ ವೇಗ, ಅಪರ್ಚರ್ ಎರಡನ್ನೂ ಕ್ಯಾಮೆರಾ ಆರಿಸುವುದು), ಎ (ಅಪರ್ಚರ್ ನಮ್ಮದು), ಎಸ್ (ಶಟರ್ ವೇಗ ನಮ್ಮದು), ಎಂ (ಎರಡೂ ನಮ್ಮದು) ಮೋಡ್‌ಗಳಿವೆ. ಸೆನ್ಸರ್ (ಚಿತ್ರ ಹಿಡಿಯುವ ಚಿಪ್) 1/2.3 ಇಂಚಿನದು, 16 ಮೆಗಾಪಿಕ್ಸೆಲ್. ಲೆನ್ಸ್ 15 ಪಟ್ಟು ಜೂಮ್ ಆಗುತ್ತದೆ. ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರ (ಎಫ್ ಅಂಕಿ ಕಡಿಮೆಯಾದಷ್ಟೂ ಅದು ದೊಡ್ಡದು), ಅಗಲ ಕೋನದಲ್ಲಿ ಎಫ್ 3.3, ಪೂರ್ಣ ಜೂಮ್‌ನಲ್ಲಿ ಎಫ್ 6.3.

ನೆರಳುಬೆಳಕು

ಮೆನುವಿಗೆ ಕೈಹಾಕುವ ಮೊದಲು ಶಟರ್ ಗುಂಡಿಯನ್ನೇ ಸರಿಯಾಗಿ ಕಲಿಯಿರಿ ಎಂದು ನಾನು ಹೇಳುತ್ತೇನೆ. ಆ ಗುಂಡಿಗೆ ಎರಡು ಹಂತಗಳಿವೆ. ಅರ್ಧ ಒತ್ತಿದಾಗ ಕ್ಯಾಮೆರಾ ದೂರವನ್ನು ಹುಡುಕಿ ಲೆನ್ಸನ್ನು ಅಲ್ಲಿ ನಿಲ್ಲಿಸುತ್ತದೆ, ಬೆಳಕನ್ನು ಅಳೆದು ಶಟರ್ ವೇಗ ಮತ್ತು ಅಪರ್ಚರನ್ನು ನಿರ್ಧರಿಸುತ್ತದೆ, ಮತ್ತು ನೀವು ಬೆರಳನ್ನು ಹಾಗೆಯೇ ಹಿಡಿದಿರುವಷ್ಟು ಹೊತ್ತು ಎರಡನ್ನೂ ಬೀಗ ಹಾಕಿದಂತೆ ಕಾಯ್ದಿಡುತ್ತದೆ. ಪೂರ್ತಿ ಒತ್ತಿದಾಗ ಚಿತ್ರ ದಾಖಲಾಗುತ್ತದೆ. ಒಂದೇ ಏಟಿಗೆ ಗುಂಡಿಯನ್ನು ತಳದವರೆಗೆ ಒತ್ತುವವರ ಚಿತ್ರಗಳಲ್ಲಿ ಎರಡು ತೊಂದರೆಗಳು ಒಟ್ಟಿಗೆ ಬರುತ್ತವೆ: ಕ್ಯಾಮೆರಾ ಯಾವುದರ ಮೇಲೆ ಫೋಕಸ್ ಮಾಡಿತು ಎಂದು ನೋಡಿಕೊಳ್ಳಲು ಅವರಿಗೆ ಅವಕಾಶ ಸಿಗುವುದಿಲ್ಲ, ಜೊತೆಗೆ ಬೆರಳಿನ ಒತ್ತಡಕ್ಕೆ ಕ್ಯಾಮೆರಾ ಕೆಳಕ್ಕೆ ಜಗ್ಗುತ್ತದೆ.

ಅರ್ಧ ಒತ್ತಿದ ಕ್ಷಣದಲ್ಲಿ ಪರದೆಯ ಮೇಲೆ ಮೂರು ಸಂಗತಿಗಳನ್ನು ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ಚೌಕ ಎಲ್ಲಿ ಮೂಡಿದೆ, ಅದರ ಬಣ್ಣ ಏನು, ಮತ್ತು ಶಟರ್ ವೇಗದ ಅಂಕಿ ಎಷ್ಟು. ಬಹುಪಾಲು ಕ್ಯಾಮೆರಾಗಳಲ್ಲಿ ಹಸಿರು ಎಂದರೆ ಫೋಕಸ್ ಸಿಕ್ಕಿದೆ ಎಂದರ್ಥ. ಹಳದಿ ಅಥವಾ ಕೆಂಪು ಬಣ್ಣ, ಇಲ್ಲವೇ ಮಿನುಗುವ ಚೌಕ, ಸಿಗಲಿಲ್ಲ ಎಂಬುದರ ಸೂಚನೆ. ಮೂರನೆಯದನ್ನು, ಅಂದರೆ ಶಟರ್ ವೇಗವನ್ನು, ಹೆಚ್ಚಿನವರು ಗಮನಿಸುವುದೇ ಇಲ್ಲ. ನಿಮ್ಮ ಮೊದಲ ಸಂದೇಹಕ್ಕೆ ಉತ್ತರ ಅಲ್ಲಿಯೇ ಇರಬಹುದೆಂದು ನನ್ನ ಊಹೆ. ಮಸುಕಾಗಿರುವ ಒಂದು ಚಿತ್ರವನ್ನು ಕ್ಯಾಮೆರಾದಲ್ಲೇ ತೆರೆದು, ಮಾಹಿತಿ ತೋರಿಸುವ ಗುಂಡಿಯನ್ನು ಒತ್ತಿ, ಅಲ್ಲಿ ಕಾಣುವ ಶಟರ್ ವೇಗ ಮತ್ತು ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆಯ ಅಂಕಿ) ಎಷ್ಟೆಂದು ಇಲ್ಲಿ ಬರೆಯಿರಿ.

ಕಲಿಕೆಗಾರ

ನೋಡಿದೆ. ಒಂದು ಚಿತ್ರದಲ್ಲಿ 1/20 ಸೆಕೆಂಡ್, ಎಫ್ 3.3, ಐಎಸ್‌ಒ 400 ಎಂದಿದೆ. ಉಳಿದವು ಕೂಡ ಹೆಚ್ಚುಕಡಿಮೆ ಇದೇ ಅಂಕಿಗಳ ಆಸುಪಾಸಿನಲ್ಲಿವೆ. ಚಿತ್ರದಲ್ಲಿ ಇಬ್ಬರು ಕುಳಿತು ಮಾತನಾಡುತ್ತಿದ್ದಾರೆ. ಸ್ಥಿರೀಕರಣ ಚಾಲೂ ಇತ್ತು.

ನೆರಳುಬೆಳಕು

ಹಾಗಿದ್ದರೆ ಫೋಕಸ್ ವ್ಯವಸ್ಥೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ. 1/20 ಸೆಕೆಂಡ್ ಹೊತ್ತು ಶಟರ್ ತೆರೆದಿದ್ದರೆ ಮಾತನಾಡುವವರ ತಲೆ ಅಷ್ಟರಲ್ಲಿ ಅಲುಗಿರುತ್ತದೆ. ಸ್ಥಿರೀಕರಣವು ನಿಮ್ಮ ಕೈಯ ನಡುಕವನ್ನು ಸರಿದೂಗಿಸುತ್ತದೆಯೇ ಹೊರತು ಎದುರಿಗಿರುವವರ ಚಲನೆಯನ್ನು ತಡೆಯಲಾರದು. ಪರೀಕ್ಷಿಸುವುದು ಸುಲಭ: ಚಿತ್ರವನ್ನು ಹಿಗ್ಗಿಸಿ ಮುಖದ ಪಕ್ಕದಲ್ಲಿರುವ ಕುರ್ಚಿ, ಗೋಡೆಯ ಚೌಕಟ್ಟು ಮುಂತಾದ ಅಲುಗದ ವಸ್ತುಗಳನ್ನು ನೋಡಿ. ಅವು ಚೂಪಾಗಿದ್ದು ಮುಖ ಮಾತ್ರ ಮಸುಕಾಗಿದ್ದರೆ ಅದು ಎದುರಿದ್ದವರ ಚಲನೆ. ಎಲ್ಲವೂ ಒಂದೇ ದಿಕ್ಕಿನಲ್ಲಿ ಎಳೆದಂತೆ ಕಂಡರೆ ಅದು ಕೈ ಅಲುಗಿದ್ದು. ಮುಖ ಮಸುಕಾಗಿ, ಅದರ ಹಿಂದಿನದೋ ಮುಂದಿನದೋ ಚೂಪಾಗಿ ಬಂದಿದ್ದರೆ ಆಗ ಮಾತ್ರ ಫೋಕಸನ್ನು ದೂರಬೇಕು.

ಲೆಕ್ಕಿಗ

ಮೇಲಿನ ಮಾತಿಗೆ ಸ್ವಲ್ಪ ಲೆಕ್ಕವನ್ನು ಸೇರಿಸುತ್ತೇನೆ, ಏಕೆಂದರೆ ಸಣ್ಣ ಸೆನ್ಸರ್‌ನ ಕ್ಯಾಮೆರಾದಲ್ಲಿ ಅಗಲ ಕೋನದ ಚಿತ್ರ ಫೋಕಸ್ ತಪ್ಪಿ ಹಾಳಾಗುವುದು ಜನ ಅಂದುಕೊಂಡಿರುವುದಕ್ಕಿಂತ ಬಹಳ ಅಪರೂಪ. 1/2.3 ಇಂಚು ಎಂದು ಕರೆಯುವ ಸೆನ್ಸರ್‌ನ ನಿಜವಾದ ಅಳತೆ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಅಷ್ಟು ಸಣ್ಣ ಸೆನ್ಸರ್‌ಗೆ ಅಗಲ ಕೋನ ಸಿಗಬೇಕಾದರೆ ಲೆನ್ಸ್‌ನ ನಾಭಿದೂರ (ಫೋಕಲ್ ಲೆಂತ್) 4.3 ಮಿ.ಮೀ.ನಷ್ಟು ಕಿರಿದಾಗಿರಬೇಕು, ಪೂರ್ಣ ಚೌಕಟ್ಟಿನ (35 ಮಿ.ಮೀ. ಫಿಲ್ಮ್‌ನಷ್ಟು ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ತೋರಿಸುವಷ್ಟೇ ನೋಟವನ್ನು ಇದು ತೋರಿಸುತ್ತದೆ. ನಾಭಿದೂರ ಇಷ್ಟು ಕಡಿಮೆಯಾದಾಗ ಚೂಪಾಗಿ ಕಾಣುವ ಆಳ ಅಗಾಧವಾಗುತ್ತದೆ. ಎಫ್ 3.3ರಲ್ಲಿ ಒಂದು ಮೀಟರಿಗಿಂತ ತುಸು ಆಚೆ ಫೋಕಸ್ ಮಾಡಿದರೆ ಅರ್ಧ ಮೀಟರ್ ಚಿಲ್ಲರೆಯಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಹೀಗಾಗಿ ಎರಡು ಮೀಟರ್ ದೂರದಲ್ಲಿ ಕುಳಿತವರ ಮುಖದ ಬದಲು ಹಿಂದಿನ ಗೋಡೆಗೆ ಫೋಕಸ್ ಆಗಿದ್ದರೂ ಸಾಮಾನ್ಯ ಗಾತ್ರದ ಮುದ್ರಣದಲ್ಲಿ ಅದು ಗೊತ್ತಾಗುವುದೇ ಕಷ್ಟ.

ಪೂರ್ಣ ಜೂಮ್‌ಗೆ ಹೋದೊಡನೆ ಕಥೆ ತಿರುಗಿಬೀಳುತ್ತದೆ. ಅಲ್ಲಿ ನಾಭಿದೂರ ಸುಮಾರು 64 ಮಿ.ಮೀ. ಎಫ್ 6.3ರಲ್ಲಿ ಐದು ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದರೆ ಹಿಂದೆ ಮುಂದೆ ಸೇರಿ 40 ಸೆಂ.ಮೀ.ಗೂ ಕಡಿಮೆ ಆಳವಷ್ಟೇ ಚೂಪಾಗಿರುತ್ತದೆ. ತೀರ ಹತ್ತಿರದ ಮ್ಯಾಕ್ರೊ ಚಿತ್ರಗಳಲ್ಲಿ ಅದು ಮಿಲಿಮೀಟರುಗಳಿಗೆ ಇಳಿಯುತ್ತದೆ. ಆದ್ದರಿಂದ ಫೋಕಸ್ ಬಿಂದು ಎಲ್ಲಿ ಬೀಳುತ್ತದೆ ಎಂಬ ಚಿಂತೆಯನ್ನು ಜೂಮ್ ಮತ್ತು ಮ್ಯಾಕ್ರೊಗೆ ಮೀಸಲಿಡಿ. ಅಗಲ ಕೋನದಲ್ಲಿ ನಿಮ್ಮ ಗಮನ ಶಟರ್ ವೇಗದ ಮೇಲಿರಲಿ.

ಕಲಿಕೆಗಾರ

ಹಾಗಾದರೆ ಒಳಾಂಗಣದ ಚಿತ್ರಕ್ಕೆ ನಾನು ಏನು ಬದಲಿಸಬೇಕು? ಎಸ್ ಮೋಡ್‌ಗೆ ಹೋಗಿ 1/125 ಇಟ್ಟು ನೋಡಿದೆ. ಅಪರ್ಚರ್ ಅಂಕಿ ಕೆಂಪಾಗಿ ಮಿನುಗಿತು, ಚಿತ್ರ ಕಪ್ಪಾಗಿ ಬಂತು.

ಲೆಕ್ಕಿಗ

ಕ್ಯಾಮೆರಾ ಆಗ ಹೇಳಿದ್ದು ಇಷ್ಟೇ: ನೀವು ಕೇಳಿದ ವೇಗಕ್ಕೆ ಬೇಕಾದಷ್ಟು ಅಪರ್ಚರ್ ತನ್ನ ಬಳಿ ಇಲ್ಲ. ಅಗಲ ಕೋನದಲ್ಲಿ ಎಫ್ 3.3ಕ್ಕಿಂತ ಹೆಚ್ಚು ಅದು ತೆರೆದುಕೊಳ್ಳಲಾರದು. ಐಎಸ್‌ಒ ಒಂದೇ ಅಂಕಿಗೆ ನಿಂತಿದ್ದರಿಂದ ಚಿತ್ರ ಕಪ್ಪಾಯಿತು.

ಇಲ್ಲಿ ಸ್ಟಾಪ್ ಎಂಬ ಅಳತೆ ನೆರವಿಗೆ ಬರುತ್ತದೆ. ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್ ಹೆಚ್ಚಿತು, ಅರ್ಧವಾದರೆ ಒಂದು ಸ್ಟಾಪ್ ತಗ್ಗಿತು. 1/20ರಿಂದ 1/40, ಅಲ್ಲಿಂದ 1/80 ಎಂದರೆ ಎರಡು ಸ್ಟಾಪ್ ಬೆಳಕನ್ನು ಕಳೆದುಕೊಂಡಂತೆ. ಅದನ್ನು ಐಎಸ್‌ಒ ಮೂಲಕ ತುಂಬಿಕೊಳ್ಳಬೇಕಾದರೆ 400ರಿಂದ 800, 800ರಿಂದ 1600. ನಿಮ್ಮ ಸೆನ್ಸರ್‌ನಲ್ಲಿ 1600ಕ್ಕೆ ಕಾಳುಕಾಳಾದ ಗದ್ದಲ (ನಾಯ್ಸ್) ಕಾಣುತ್ತದೆ, ಅದನ್ನು ಒರೆಸಲು ಹೋಗಿ ಕ್ಯಾಮೆರಾ ಕೂದಲು, ಬಟ್ಟೆಯ ನೇಯ್ಗೆ ಮುಂತಾದ ಸಣ್ಣ ವಿವರಗಳನ್ನೂ ಒರೆಸಿಬಿಡುತ್ತದೆ. ಆದರೂ ಗದ್ದಲವಿರುವ ಚೂಪಾದ ಮುಖವು ಗದ್ದಲವಿಲ್ಲದ ಮಸುಕು ಮುಖಕ್ಕಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಎಸ್ ಮೋಡ್ ಬಳಸುವುದಾದರೆ ಐಎಸ್‌ಒ ಆಟೋದಲ್ಲಿಟ್ಟು, ಅದರ ಮೇಲಿನ ಮಿತಿಯನ್ನು 1600ಕ್ಕೆ ಕಟ್ಟಿರಿ. ಕುಳಿತು ಮಾತನಾಡುವವರಿಗೆ 1/80 ಅಥವಾ 1/125, ನಡೆದಾಡುವವರಿಗೆ 1/250, ಓಡುವ ಮಕ್ಕಳಿಗೆ 1/500 ಎಂಬುದು ಒಂದು ಅಂದಾಜು. ಮಾತಿನ ನಡುವೆ ಬರುವ ಸಣ್ಣ ಬಿಡುವಿನಲ್ಲಿ ಗುಂಡಿ ಒತ್ತಿದರೆ 1/60 ಕೂಡ ಸಾಕಾಗುತ್ತದೆ.

ಹಕ್ಕಿನೋಟ

ಒಳಾಂಗಣದಲ್ಲಿ ಜೂಮ್ ಮಾಡದಿರುವುದೂ ಒಂದು ಉಪಾಯವೇ. ಎಫ್ 3.3ರಿಂದ ಎಫ್ 6.3ಕ್ಕೆ ಹೋದಾಗ ಲೆನ್ಸ್‌ನೊಳಗೆ ಬರುವ ಬೆಳಕು ಹತ್ತಿರ ಹತ್ತಿರ ಕಾಲುಭಾಗಕ್ಕೆ ಇಳಿಯುತ್ತದೆ. ನಿಂತಲ್ಲಿಂದಲೇ ಜೂಮ್ ಮಾಡುವ ಬದಲು ಎರಡು ಹೆಜ್ಜೆ ಮುಂದೆ ಹೋದರೆ ಎರಡು ಸ್ಟಾಪ್ ಉಳಿಯುತ್ತದೆ, ಐಎಸ್‌ಒ 1600ರ ಬದಲು 400 ಸಾಕಾಗುತ್ತದೆ. ತೀರ ಹತ್ತಿರ ಹೋಗಿ ಅಗಲ ಕೋನದಲ್ಲಿ ತೆಗೆದರೆ ಮೂಗು ದೊಡ್ಡದಾಗಿ ಕಾಣುತ್ತದೆಂಬುದು ನಿಜ. ಒಂದೂವರೆ ಮೀಟರ್ ಅಂತರ ಬಿಟ್ಟು ಆಮೇಲೆ ಬೇಕಾದಷ್ಟು ಕತ್ತರಿಸಿಕೊಳ್ಳಬಹುದು.

ಮಸೂರಮಿತ್ರ

ಫೋಕಸ್ ಬಗೆಗಳ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಅದಕ್ಕೆ ಉತ್ತರಿಸುವ ಮೊದಲು ನಿಮ್ಮ ಕ್ಯಾಮೆರಾ ಫೋಕಸನ್ನು ಹೇಗೆ ಹುಡುಕುತ್ತದೆ ಎಂದು ತಿಳಿಯುವುದು ಒಳ್ಳೆಯದು, ಏಕೆಂದರೆ ಅದು ಎಲ್ಲಿ ಸೋಲುತ್ತದೆ ಎಂಬುದನ್ನು ಆಗ ನೀವೇ ಊಹಿಸಬಲ್ಲಿರಿ. ಈ ವರ್ಗದ ಬಹುತೇಕ ಕ್ಯಾಮೆರಾಗಳು ಆಯ್ದ ಚೌಕದೊಳಗಿನ ಕಪ್ಪುಬಿಳುಪಿನ ವ್ಯತ್ಯಾಸವನ್ನು ಅಳೆಯುತ್ತ ಲೆನ್ಸನ್ನು ಸರಿಸುತ್ತವೆ. ವ್ಯತ್ಯಾಸ ಏರುತ್ತ ಹೋಗಿ, ಗರಿಷ್ಠ ಮಟ್ಟವನ್ನು ದಾಟಿ ಇಳಿಯತೊಡಗಿದಾಗ, ದಾಟಿ ಬಂದೆವೆಂದು ತಿಳಿದು ಹಿಂದಕ್ಕೆ ಸರಿದು ಅಲ್ಲಿ ನಿಲ್ಲುತ್ತವೆ. ಅರ್ಧ ಒತ್ತಿದಾಗ ಪರದೆಯ ಚಿತ್ರ ಒಮ್ಮೆ ಮಸುಕಾಗಿ ಮತ್ತೆ ಸ್ಪಷ್ಟವಾಗುವುದು ಇದೇ ಕಾರಣಕ್ಕೆ.

ಹೀಗಾಗಿ ಚೌಕದೊಳಗೆ ಯಾವ ಗೆರೆಯೂ ಇಲ್ಲದ ನುಣುಪು ಗೋಡೆ, ಮೋಡವಿಲ್ಲದ ಆಕಾಶ, ಮಂಜು, ಮಬ್ಬುಗತ್ತಲೆ ಇವುಗಳ ಎದುರು ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಗಾಜಿನ ಮೇಲಿನ ಪ್ರತಿಬಿಂಬ, ಪಂಜರದ ಸರಳು, ಬೇಲಿಯ ತಂತಿ ಇದ್ದಲ್ಲಿ ಸಿಗುತ್ತದೆ, ಆದರೆ ನಮಗೆ ಬೇಡವಾದದ್ದು ಸಿಗುತ್ತದೆ. ಉಪಾಯ ಒಂದೇ: ನಿಮಗೆ ಬೇಕಾದ ವಸ್ತುವಿನಷ್ಟೇ ದೂರದಲ್ಲಿರುವ, ಚೆನ್ನಾದ ಅಂಚುಳ್ಳ ಮತ್ತೊಂದು ವಸ್ತುವಿನ ಮೇಲೆ ಅರ್ಧ ಒತ್ತಿ, ಬೆರಳನ್ನು ಬಿಡದೆ ಚೌಕಟ್ಟನ್ನು ಮತ್ತೆ ಹೊಂದಿಸಿ, ಪೂರ್ತಿ ಒತ್ತುವುದು. ಮುಂಭಾಗದಲ್ಲಿ ಹೊತ್ತಿಕೊಳ್ಳುವ ಪುಟ್ಟ ಸಹಾಯಕ ದೀಪ ಕತ್ತಲಲ್ಲಿ ಕೆಲವು ಮೀಟರುಗಳವರೆಗೆ ನೆರವಾಗುತ್ತದೆ. ದೂರದ ವೇದಿಕೆಯ ಮೇಲಿರುವವರನ್ನು ಅದು ಮುಟ್ಟಲಾರದು, ಸಭಿಕರಿಗೆ ಕಿರಿಕಿರಿಯಷ್ಟೇ ಆಗುತ್ತದೆ. ಅಂಥಲ್ಲಿ ಅದನ್ನು ಆರಿಸಿಡಿ.

ಇನ್ನು ನಾಲ್ಕು ಬಗೆಗಳು. ಬಹುಬಿಂದು ವ್ಯವಸ್ಥೆ ಸಾಮಾನ್ಯವಾಗಿ ಹತ್ತಿರದ, ಹೆಚ್ಚು ವ್ಯತ್ಯಾಸವುಳ್ಳ ವಸ್ತುವಿನತ್ತ ವಾಲುತ್ತದೆ. ಅದು ನಿಮಗೆ ಬೇಕಾದದ್ದೇ ಎಂಬ ಭರವಸೆ ಇಲ್ಲ. ಜನರಿರುವಲ್ಲಿ ಮುಖ ಪತ್ತೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಪಕ್ಕಕ್ಕೆ ತಿರುಗಿದ ಮುಖ, ಹಣೆ ಮುಚ್ಚುವ ಟೋಪಿ, ಕಪ್ಪು ಕನ್ನಡಕ ಬಂದರೆ ಕೈಕೊಡುತ್ತದೆ. ಗೋಡೆಯ ಮೇಲಿನ ಚಿತ್ರಪಟದಲ್ಲಿರುವ ಮುಖವನ್ನು ಹಿಡಿದುಕೊಂಡು ಎದುರಿಗಿರುವವರನ್ನು ಅಲಕ್ಷಿಸುವುದೂ ಉಂಟು. ಉಳಿದೆಲ್ಲಕ್ಕೂ ನಡುಬಿಂದು. ನಾನು ಅದನ್ನೇ ಖಾಯಂ ಆಗಿ ಇಟ್ಟುಕೊಂಡು, ಜನ ಎದುರಾದಾಗ ಮಾತ್ರ ಮುಖ ಪತ್ತೆಗೆ ಹೋಗುತ್ತೇನೆ. ಟ್ರ್ಯಾಕಿಂಗ್ ಎಂಬುದು ಬಣ್ಣ ಮತ್ತು ಆಕಾರವನ್ನು ನೆನಪಿಟ್ಟುಕೊಂಡು ಹಿಂಬಾಲಿಸುತ್ತದೆ. ಹಸಿರು ಹುಲ್ಲಿನ ಮೇಲೆ ಕೆಂಪು ಚೆಂಡು ಹೋಗುವಾಗ ಸರಿ, ಎಲೆಗಳ ನಡುವೆ ಹಸಿರು ಹಕ್ಕಿಗೆ ನಿರುಪಯೋಗಿ.

ಹಕ್ಕಿನೋಟ

ಕೊನೆಯ ಮಾತು ಪೂರ್ತಿ ನಿಜ. ಕೊಂಬೆಗಳ ನಡುವಿನ ಹಕ್ಕಿಗೆ ನಡುಬಿಂದುವನ್ನೇ, ಅದರಲ್ಲೂ ಮೆನುವಿನಲ್ಲಿ ಸಿಗುವ ಅತಿ ಸಣ್ಣ ಚೌಕವನ್ನೇ ಬಳಸಬೇಕು. ಹಕ್ಕಿ ಮತ್ತೆ ಮತ್ತೆ ಬಂದು ಕೂರುವ ಕೊಂಬೆ ಗೊತ್ತಿದ್ದರೆ ಅದು ಬರುವ ಮೊದಲೇ ಆ ಕೊಂಬೆಗೆ ಫೋಕಸ್ ಮಾಡಿ, ಸಾಧ್ಯವಿದ್ದರೆ ಕೈ ಫೋಕಸ್‌ಗೆ ಬದಲಿಸಿ ದೂರವನ್ನು ಅಲ್ಲಿಗೇ ನಿಲ್ಲಿಸಿಡಿ. ಹೀಗೆ ಮಾಡಿದರೆ ಗುಂಡಿ ಒತ್ತಿದ ಮೇಲೆ ಚಿತ್ರ ದಾಖಲಾಗುವವರೆಗಿನ ವಿಳಂಬವೂ ಗಣನೀಯವಾಗಿ ಕಡಿಮೆಯಾಗುತ್ತದೆ, ಏಕೆಂದರೆ ಆ ವಿಳಂಬದ ಬಹುಪಾಲು ಫೋಕಸ್ ಹುಡುಕಾಟಕ್ಕೇ ಹೋಗುತ್ತದೆ. ಪೂರ್ಣ ಜೂಮ್‌ನಲ್ಲಿ ನಿಮ್ಮ ಲೆನ್ಸ್ ಪೂರ್ಣ ಚೌಕಟ್ಟಿನ ಲೆಕ್ಕದಲ್ಲಿ 360 ಮಿ.ಮೀ.ಗೆ ಸಮವಾಗುವುದರಿಂದ ಸ್ಥಿರೀಕರಣವಿಲ್ಲದೆ ಕೈಯಲ್ಲಿ ಹಿಡಿದು ತೆಗೆಯಲು, ಶಟರ್ ವೇಗ ಆ ನಾಭಿದೂರದ ವಿಲೋಮಕ್ಕಿಂತ ನಿಧಾನವಿರಬಾರದೆಂಬ ಹಳೆಯ ನಿಯಮದಂತೆ, 1/400 ಬೇಕು. ಸ್ಥಿರೀಕರಣ ಮೂರು ಸ್ಟಾಪ್ ಉಳಿಸಿಕೊಟ್ಟರೆ 1/50ಕ್ಕೂ ಇಳಿಯಬಹುದು, ಆದರೆ ಹಕ್ಕಿ ಕತ್ತು ತಿರುಗಿಸುವ ವೇಗಕ್ಕೆ ಅದು ಎಲ್ಲಿಯೂ ಸಾಲದು.

ಕಲಿಕೆಗಾರ

ಮ್ಯಾಕ್ರೊ ಬಗ್ಗೆ ಒಂದು ಮಾತು. ಹೂವಿನ ಗುರುತಿನ ಮೋಡ್ ಹಾಕಿ, ಪೂರ್ತಿ ಜೂಮ್ ಮಾಡಿ, ಹತ್ತಿರ ಹೋದರೆ ಚೌಕ ಹಸಿರಾಗುವುದೇ ಇಲ್ಲ.

ಮಸೂರಮಿತ್ರ

ಜೂಮ್ ತೆಗೆದುಬಿಡಿ. ಈ ಬಗೆಯ ಲೆನ್ಸ್‌ಗಳು ಅಗಲ ಕೋನದಲ್ಲಿ ಕೆಲವೇ ಸೆಂಟಿಮೀಟರ್ ಹತ್ತಿರದವರೆಗೆ ಫೋಕಸ್ ಮಾಡುತ್ತವೆ. ಜೂಮ್ ಹೆಚ್ಚಿಸಿದಂತೆ ಆ ಕನಿಷ್ಠ ದೂರ ಹಿಂದೆ ಸರಿಯುತ್ತ ಹೋಗಿ ಪೂರ್ಣ ಜೂಮ್‌ನಲ್ಲಿ ಒಂದು ಮೀಟರಿನ ಆಸುಪಾಸಿಗೋ ಅದಕ್ಕೂ ಆಚೆಗೋ ಹೋಗಬಹುದು. ಲೆನ್ಸ್‌ನ ನೆರಳೇ ಹೂವಿನ ಮೇಲೆ ಬೀಳದಂತೆ ನಿಂತ ಕೋನವನ್ನು ಬದಲಿಸಿಕೊಳ್ಳಿ. ಆಮೇಲೆ ಮ್ಯಾಕ್ರೊದಿಂದ ಹೊರಬರಲು ಮರೆಯಬೇಡಿ. ಕೆಲವು ಕ್ಯಾಮೆರಾಗಳು ಆ ಮೋಡ್‌ನಲ್ಲಿ ದೂರದ ವಸ್ತುವಿಗೆ ಫೋಕಸ್ ಆಗುವುದೇ ಇಲ್ಲ, ಕೆಲವು ಆದರೂ ನಿಧಾನವಾಗುತ್ತವೆ.

ನೆರಳುಬೆಳಕು

ಕಿಟಕಿಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಎಕ್ಸ್‌ಪೋಶರ್‌ನ ಮುಖ್ಯ ತತ್ವವೆಲ್ಲ ಅದರಲ್ಲೇ ಅಡಗಿದೆ. ಕ್ಯಾಮೆರಾದ ಮೀಟರಿಗೆ ತಾನು ನೋಡುತ್ತಿರುವುದು ಬಿಳಿ ಗೋಡೆಯೋ ಕಪ್ಪು ಕೋಟೋ ಎಂಬುದು ಗೊತ್ತಿಲ್ಲ. ಅದಕ್ಕೆ ಬರುವ ಬೆಳಕಿನ ಪ್ರಮಾಣವಷ್ಟೇ ಗೊತ್ತು. ಎದುರಿನ ದೃಶ್ಯ ಸರಾಸರಿಯಾಗಿ ನಡುಬೂದು ಬಣ್ಣದ್ದು, ಅಂದರೆ ಬಿದ್ದ ಬೆಳಕಿನ ಸುಮಾರು 18 ಶೇಕಡಾ ಭಾಗವನ್ನು ಹಿಂದಿರುಗಿಸುವಂಥದ್ದು, ಎಂಬ ಗ್ರಹಿಕೆಯಿಂದ ಅದು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಹಿಮವಿದ್ದರೆ ಅದನ್ನು ಬೂದು ಬಣ್ಣಕ್ಕೆ ಇಳಿಸುತ್ತದೆ. ಚೌಕಟ್ಟಿನ ತುಂಬ ಕರಿಬಂಡೆಯಿದ್ದರೆ ಅದನ್ನೂ ಬೂದು ಬಣ್ಣಕ್ಕೆ ಏರಿಸುತ್ತದೆ. ಕಿಟಕಿಯ ಮುಂದೆ ಮನುಷ್ಯ ನಿಂತಾಗ ಹಿಂದಿನ ಪ್ರಕಾಶವನ್ನೆಲ್ಲ ಸೇರಿಸಿಕೊಂಡು ಸರಾಸರಿ ತೆಗೆಯುವುದರಿಂದ ಮುಖ ಕತ್ತಲೆಗೆ ತಳ್ಳಲ್ಪಡುತ್ತದೆ.

ನಿಮ್ಮ ಕೈಯಲ್ಲಿರುವ ಮೊದಲ ಸಾಧನ ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಕೂಡು ಮತ್ತು ಕಳೆ ಗುರುತಿರುವ ಗುಂಡಿ. ಸಾಮಾನ್ಯವಾಗಿ ಅದು ಎರಡು ಸ್ಟಾಪ್ ಮೇಲೆ, ಎರಡು ಸ್ಟಾಪ್ ಕೆಳಗೆ, ಮೂರನೇ ಒಂದರ ಮೆಟ್ಟಿಲುಗಳಲ್ಲಿ ಚಲಿಸುತ್ತದೆ. ಪೂರ್ತಿ ಆಟೋದಲ್ಲಿ ಹೆಚ್ಚಿನ ಕ್ಯಾಮೆರಾಗಳು ಅದನ್ನು ಮುಚ್ಚಿಟ್ಟಿರುತ್ತವೆ, ಆದ್ದರಿಂದ ಪಿ ಮೋಡ್‌ಗೆ ಬನ್ನಿ. ಕಿಟಕಿಯ ಎದುರು ಒಂದು ಅಥವಾ ಒಂದೂವರೆ ಸ್ಟಾಪ್ ಏರಿಸಿದರೆ ಮುಖ ಬೆಳಗುತ್ತದೆ, ಕಿಟಕಿಯಾಚೆಯ ನೋಟ ಬಿಳಿಚಿಕೊಂಡು ಮಾಯವಾಗುತ್ತದೆ. ಎರಡೂ ಬೇಕೆಂದರೆ ಫ್ಲಾಷನ್ನು ಕಡ್ಡಾಯ ಸ್ಥಿತಿಗೆ ಹಾಕಿ ಮುಖಕ್ಕೆ ಬೆಳಕು ಕೊಡಬೇಕು. ಈ ಒಂದು ವಿಷಯದಲ್ಲಿ ಸಣ್ಣ ಕ್ಯಾಮೆರಾ ದೊಡ್ಡದನ್ನು ಮೀರಿಸುತ್ತದೆ: ದೊಡ್ಡ ಎಸ್‌ಎಲ್‌ಆರ್‌ಗಳಲ್ಲಿ (ಲೆನ್ಸ್ ಬದಲಿಸಬಹುದಾದ, ಒಳಗೆ ಕನ್ನಡಿಯಿರುವ ಕ್ಯಾಮೆರಾಗಳಲ್ಲಿ) ಸೆನ್ಸರ್ ಮುಂದೆ ಸರಿಯುವ ಪರದೆಯಂಥ ಶಟರ್ ಸಾಮಾನ್ಯವಾಗಿ 1/200 ಅಥವಾ 1/250ಕ್ಕಿಂತ ವೇಗದಲ್ಲಿ ಫ್ಲಾಷ್ ಜೊತೆ ಹೊಂದಿಕೊಳ್ಳುವುದಿಲ್ಲ, ಅದಕ್ಕೆ ವಿಶೇಷ ಫ್ಲಾಷ್ ಬೇಕಾಗುತ್ತದೆ, ಕಾಂಪ್ಯಾಕ್ಟ್‌ಗಳಲ್ಲಿ ಲೆನ್ಸ್‌ನೊಳಗೇ ಇರುವ ಎಲೆ ಶಟರ್ ಅದಕ್ಕಿಂತ ಎಷ್ಟೋ ಹೆಚ್ಚಿನ ವೇಗದಲ್ಲೂ ಹೊಂದಿಕೊಳ್ಳುತ್ತದೆ. ನಡುಹಗಲಿನ ಬಿಸಿಲಲ್ಲಿ ಕಣ್ಣಿನ ಕೆಳಗೆ ಬೀಳುವ ಕಡುನೆರಳನ್ನು ತೆಗೆಯಲು ಆ ಪುಟ್ಟ ಫ್ಲಾಷನ್ನು ಬಳಸಿ ನೋಡಿ. ಅದರ ವ್ಯಾಪ್ತಿ ಮಾತ್ರ ಕೆಲವೇ ಮೀಟರ್, ಜೂಮ್ ಮಾಡಿದರೆ ಇನ್ನೂ ಕಡಿಮೆ.

ಕಲಿಕೆಗಾರ

ಬಿಳಿ ವಸ್ತುವಿಗೆ ಕೂಡಬೇಕು, ಕಪ್ಪು ವಸ್ತುವಿಗೆ ಕಳೆಯಬೇಕು ಎಂದು ನೆನಪಿಟ್ಟುಕೊಂಡರೆ ಸಾಕೇ?

ಹಕ್ಕಿನೋಟ

ಸಾಲದು. ಅದು ಚೌಕಟ್ಟಿನಲ್ಲಿ ಎಷ್ಟು ಜಾಗವನ್ನು ಆವರಿಸಿದೆ ಎಂಬುದನ್ನೂ ನೋಡಬೇಕು. ಬೆಳ್ಳಕ್ಕಿಯ ಗರಿಗಳು ಚೌಕಟ್ಟನ್ನೆಲ್ಲ ತುಂಬಿದ್ದರೆ ಒಂದು ಸ್ಟಾಪ್‌ವರೆಗೆ ಕೂಡಬೇಕಾಗಬಹುದು. ಅದೇ ಬೆಳ್ಳಕ್ಕಿ ಕಪ್ಪು ನೀರಿನ ನಡುವೆ ಚಿಕ್ಕದಾಗಿ ನಿಂತಿದ್ದರೆ ಮೀಟರ್ ನೀರನ್ನು ನೋಡಿ ಇಡೀ ದೃಶ್ಯವನ್ನು ಏರಿಸಿಬಿಡುತ್ತದೆ, ಹಕ್ಕಿಯ ಮೈ ವಿವರವೇ ಇಲ್ಲದ ಬಿಳಿ ಮಚ್ಚೆಯಾಗುತ್ತದೆ. ಆಗ ಒಂದು ಸ್ಟಾಪ್ ಅಥವಾ ಅದಕ್ಕೂ ಹೆಚ್ಚು ಕಳೆಯಬೇಕು. ಒಂದೇ ಹಕ್ಕಿ, ಒಂದೇ ಬಿಸಿಲು, ತಿದ್ದುಪಡಿ ಮಾತ್ರ ವಿರುದ್ಧ ದಿಕ್ಕಿನದು. ಬಿಸಿಲು ಬದಲಾಗದ ಇಂಥ ಸಂದರ್ಭದಲ್ಲಿ ಎಂ ಮೋಡ್ ನಿಜಕ್ಕೂ ಸರಳ. ಒಮ್ಮೆ ಸರಿಯಾದ ಅಂಕಿಗಳನ್ನು ಕಂಡುಕೊಂಡು ಅಲ್ಲಿಯೇ ಬಿಟ್ಟರೆ ಹಿನ್ನೆಲೆ ಏನಾದರಾಗಲಿ ಹಕ್ಕಿಯ ಬಿಳುಪು ಬದಲಾಗದು.

ಲೆಕ್ಕಿಗ

ಬಿಸಿಲಿನ ಅಂಕಿಗಳನ್ನು ಕಂಡುಕೊಳ್ಳಲು ಫಿಲ್ಮ್ ಕಾಲದ ಒಂದು ನಿಯಮವಿದೆ. ಸ್ವಚ್ಛ ಬಿಸಿಲಲ್ಲಿ ಎಫ್ 16 ಇಟ್ಟರೆ ಶಟರ್ ವೇಗ ಐಎಸ್‌ಒ ಅಂಕಿಯ ವಿಲೋಮ, ಅಂದರೆ ಐಎಸ್‌ಒ 100ಕ್ಕೆ 1/100. ನಿಮ್ಮ ಲೆನ್ಸ್‌ನಲ್ಲಿ ಎಫ್ 16 ಇರಲಾರದು, ಆದ್ದರಿಂದ ಮೂರು ಸ್ಟಾಪ್ ತೆರೆದು ಎಫ್ 5.6ಕ್ಕೆ ಬಂದರೆ 1/800 ಆಗುತ್ತದೆ.

ಜೊತೆಗೆ, ಎ ಮೋಡ್‌ನಲ್ಲಿ ಹಿನ್ನೆಲೆಯನ್ನು ಮಸುಕಾಗಿಸಲು ಹೋಗಿ ನಿರಾಶರಾಗಬೇಡಿ. ಮೇಲೆ ಹೇಳಿದ ಆಳದ ಕಾರಣದಿಂದ ಅಗಲ ಕೋನದಲ್ಲಿ ಅದು ಸಾಧ್ಯವಿಲ್ಲ. ಪೂರ್ಣ ಜೂಮ್ ಮಾಡಿ, ವಸ್ತು ಹತ್ತಿರವಿದ್ದು ಹಿನ್ನೆಲೆ ದೂರವಿದ್ದರೆ ಸ್ವಲ್ಪ ಸಿಗುತ್ತದೆ. ಎಫ್ 8ಕ್ಕೆ ಮುಚ್ಚಿದರೆ ಹೆಚ್ಚು ಚೂಪಾಗುತ್ತದೆಂಬ ನಂಬಿಕೆಯೂ ಇಲ್ಲಿ ನಡೆಯದು. ಸಣ್ಣ ರಂಧ್ರದ ಮೂಲಕ ಹಾಯುವ ಬೆಳಕು ವಿವರ್ತನೆಯಿಂದ ಹರಡುತ್ತದೆ. ಎಫ್ 8ರಲ್ಲಿ ಒಂದು ಬಿಂದುವಿನ ಬೆಳಕು ಸೆನ್ಸರ್ ಮೇಲೆ ಸುಮಾರು 10 ಮೈಕ್ರೊಮೀಟರ್ ಅಗಲದ ಚುಕ್ಕೆಯಾಗುತ್ತದೆ, ನಿಮ್ಮ ಪಿಕ್ಸೆಲ್‌ನ ಅಗಲವೋ ಸುಮಾರು 1.3 ಮೈಕ್ರೊಮೀಟರ್ ಮಾತ್ರ. ಹೀಗಾಗಿ ಪೂರ್ತಿ ತೆರೆದ ಅಥವಾ ಅದರ ಮುಂದಿನ ಅಪರ್ಚರೇ ನಿಮಗೆ ಉತ್ತಮ. ಎರಡೇ ಎರಡು ಅಪರ್ಚರ್ ಅಂಕಿ ತೋರಿಸುವ ಕೆಲವು ಸರಳ ಮಾದರಿಗಳಲ್ಲಂತೂ ಎರಡನೆಯದು ಒಳಗೆ ಅಡ್ಡ ಬರುವ ಬೂದು ಫಿಲ್ಟರ್ ಅಷ್ಟೆ, ರಂಧ್ರ ಕಿರಿದಾಗುವುದೇ ಇಲ್ಲ.

ಕಲಿಕೆಗಾರ

ಮೀಟರಿಂಗ್ ಮೆನುವಿನಲ್ಲಿ ಸ್ಪಾಟ್ ಎಂದಿದೆ. ಮುಖದ ಮೇಲೆ ಅದನ್ನಿಟ್ಟು ಅಳೆದರೆ ಕೂಡು ಕಳೆಯುವ ಗೊಡವೆಯೇ ಇರುವುದಿಲ್ಲವಲ್ಲ?

ನೆರಳುಬೆಳಕು

ಇರುತ್ತದೆ, ಸ್ವಲ್ಪ ಬೇರೆ ರೂಪದಲ್ಲಿ. ಸ್ಪಾಟ್ ಮೀಟರ್ ತನ್ನ ಸಣ್ಣ ವೃತ್ತದೊಳಗಿರುವುದನ್ನು ನಡುಬೂದು ಎಂದು ತಿಳಿಯುತ್ತದೆ. ತಿಳಿ ಮೈಬಣ್ಣದ ಮುಖಕ್ಕೆ ಇಟ್ಟರೆ ತುಸು ಕಪ್ಪಾಗುತ್ತದೆ, ಕಡು ಮೈಬಣ್ಣದ ಮುಖಕ್ಕೆ ಇಟ್ಟರೆ ತುಸು ಬಿಳಿಚಿಕೊಳ್ಳುತ್ತದೆ. ವೃತ್ತ ಮುಖದಿಂದ ಸರಿದು ಕೂದಲಿಗೆ ಬಿದ್ದರಂತೂ ಚಿತ್ರವೇ ಕೆಟ್ಟಿತು. ದಿನನಿತ್ಯದ ಬಳಕೆಗೆ ಇಡೀ ಚೌಕಟ್ಟನ್ನು ಅಳೆಯುವ ಬಹುವಲಯ ಮೀಟರಿಂಗ್ ಇಟ್ಟುಕೊಂಡು, ಪರದೆಯಲ್ಲಿ ಕಂಡಂತೆ ಕೂಡು ಕಳೆ ಮಾಡುವುದು ವೇಗದ ಹಾದಿ. ಕಾಂಪ್ಯಾಕ್ಟ್‌ನ ಪರದೆ ಚಿತ್ರ ತೆಗೆಯುವ ಮೊದಲೇ ಬದಲಾವಣೆಯನ್ನು ತೋರಿಸುವುದರಿಂದ ಅದನ್ನು ಬಳಸಿಕೊಳ್ಳದಿರುವುದು ನಷ್ಟ. ಬಿಸಿಲಲ್ಲಿ ಪರದೆ ಮಂಕಾಗಿ ಕಂಡು ದಾರಿತಪ್ಪಿಸುತ್ತದೆ. ಆಗ ಹಿಸ್ಟೋಗ್ರಾಮ್, ಅಂದರೆ ಚಿತ್ರದಲ್ಲಿ ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆಯನ್ನು ಎಡದಿಂದ ಬಲಕ್ಕೆ ತೋರಿಸುವ ನಕ್ಷೆ, ನೋಡಿ. ಅದರ ದಿಬ್ಬ ಬಲ ಅಂಚಿಗೆ ಒತ್ತರಿಸಿಕೊಂಡು ನಿಂತಿದ್ದರೆ ಬಿಳಿ ಭಾಗಗಳ ವಿವರ ಹೋಗಿದೆ ಎಂದರ್ಥ. ಜೆಪೆಗ್ ಕಡತದಲ್ಲಿ ಹೋದ ಬಿಳುಪನ್ನು ಮರಳಿ ತರಲಾಗದು, ಕತ್ತಲೆಯಲ್ಲಿರುವುದನ್ನಾದರೆ ಗದ್ದಲದೊಂದಿಗೆ ಸ್ವಲ್ಪ ಮೇಲೆತ್ತಬಹುದು. ಸಂದೇಹವಿದ್ದಾಗ ಮೂರನೇ ಒಂದು ಸ್ಟಾಪ್ ಕಡಿಮೆ ಇಡುವುದು ಇದೇ ಕಾರಣಕ್ಕೆ.

ಮಸೂರಮಿತ್ರ

ಸ್ಪಾಟ್ ಬಗ್ಗೆ ನಾನು ಅಷ್ಟು ಕಠೋರವಾಗಿ ಹೇಳಲಾರೆ. ವೇದಿಕೆಯ ಮೇಲೆ ಒಬ್ಬರೇ ದೀಪದ ಕೆಳಗಿದ್ದು ಸುತ್ತ ಕತ್ತಲೆಯಿದ್ದಾಗ ಬಹುವಲಯ ಮೀಟರಿಂಗ್ ಕತ್ತಲೆಗೆ ಮರುಳಾಗಿ ಮುಖವನ್ನು ಸುಟ್ಟಂತೆ ಬಿಳಿ ಮಾಡುತ್ತದೆ, ಸ್ಪಾಟ್ ಅದನ್ನು ಸರಿಯಾಗಿ ಹಿಡಿಯುತ್ತದೆ.

ಇನ್ನೊಂದು ಗಂಟು ಇಲ್ಲಿದೆ. ಅರ್ಧ ಒತ್ತಿದಾಗ ಫೋಕಸ್ ಮತ್ತು ಎಕ್ಸ್‌ಪೋಶರ್ ಎರಡೂ ಒಟ್ಟಿಗೆ ಬೀಗವಾಗುತ್ತವೆ ಎಂದು ಆರಂಭದಲ್ಲಿ ಬಂತು. ಫೋಕಸ್‌ಗೆ ಸೂಕ್ತವಾದ ಜಾಗ ಬೆಳಕಿಗೂ ಸೂಕ್ತವಾಗಿರಬೇಕೆಂದಿಲ್ಲ. ಕಪ್ಪು ಕೋಟಿನ ಗುಂಡಿಯ ಮೇಲೆ ಫೋಕಸ್ ಚೆನ್ನಾಗಿ ಸಿಗುತ್ತದೆ, ಆದರೆ ಕೋಟಿಗೆ ತಕ್ಕಂತೆ ಬೆಳಕನ್ನೂ ಅಳೆದು, ಚೌಕಟ್ಟನ್ನು ತಿರುಗಿಸಿದ ಮೇಲೆ ಆಕಾಶವನ್ನೆಲ್ಲ ಬಿಳಿ ಮಾಡಿಬಿಡುತ್ತದೆ. ನಿಮ್ಮ ಕ್ಯಾಮೆರಾದಲ್ಲಿ ಎಇ ಲಾಕ್ (ಎಕ್ಸ್‌ಪೋಶರನ್ನು ಮಾತ್ರ ಬೀಗ ಹಾಕುವ ಗುಂಡಿ) ಇದ್ದರೆ ಮೊದಲು ಬೆಳಕನ್ನು ಬೇಕಾದಲ್ಲಿ ಅಳೆದು ಬೀಗ ಹಾಕಿ, ಅನಂತರ ಬೇರೆಡೆ ಫೋಕಸ್ ಮಾಡಿ. ಇಲ್ಲದಿದ್ದರೆ ಫೋಕಸ್ ಚೌಕವನ್ನೇ ಸರಿಸಿಕೊಳ್ಳುವ ಆಯ್ಕೆಯನ್ನು ಹುಡುಕಿ. ಆಗ ಚೌಕಟ್ಟನ್ನು ತಿರುಗಿಸಬೇಕಾಗುವುದಿಲ್ಲ, ಮೀಟರ್ ಅಂತಿಮ ದೃಶ್ಯವನ್ನೇ ಅಳೆಯುತ್ತದೆ. 1977ರಲ್ಲಿ ಬಂದ ಕೊನಿಕಾ ಸಿ35 ಎಎಫ್, ಸಾಮೂಹಿಕವಾಗಿ ತಯಾರಾದ ಮೊದಲ ಆಟೋಫೋಕಸ್ ಕ್ಯಾಮೆರಾ, ಚೌಕಟ್ಟಿನ ನಡುಭಾಗವನ್ನಷ್ಟೇ ನೋಡುತ್ತಿತ್ತು. ಇಬ್ಬರು ಅಕ್ಕಪಕ್ಕ ನಿಂತರೆ ಅವರ ನಡುವಿನ ಹಿನ್ನೆಲೆಗೆ ಫೋಕಸ್ ಹೋಗುವ ತಾಪತ್ರಯ ಅಷ್ಟು ಹಳೆಯದು.

ಕಲಿಕೆಗಾರ

ನಿನ್ನೆ ಸಂಜೆ ಪಿ ಮೋಡ್, ಆಟೋ ಐಎಸ್‌ಒ 1600 ಮಿತಿ, ನಡುಬಿಂದು ಇಟ್ಟು ಒಳಾಂಗಣದಲ್ಲಿ ತೆಗೆದೆ. ಪಿ ಮೋಡ್ ಮತ್ತೆ 1/30ಕ್ಕೇ ಹೋಗುತ್ತಿತ್ತು, ಎಸ್ ಮೋಡ್‌ನಲ್ಲಿ 1/80 ಇಟ್ಟ ಮೇಲೆ ಮುಖಗಳು ಸ್ಪಷ್ಟವಾದವು. ಗದ್ದಲ ಕಾಣುತ್ತದೆ, ಆದರೆ ಪರವಾಗಿಲ್ಲ. ಇನ್ನೊಂದು ಸಂದೇಹ: ಪೂರ್ಣ ಜೂಮ್‌ನಲ್ಲಿ ಚಂದ್ರನನ್ನು ತೆಗೆದರೆ ಬಿಳಿ ಬಿಲ್ಲೆ ಮಾತ್ರ ಬರುತ್ತದೆ.

ಲೆಕ್ಕಿಗ

ಅದು ಬೆಳ್ಳಕ್ಕಿಯ ಸಮಸ್ಯೆಯೇ, ಹಿನ್ನೆಲೆ ಇನ್ನೂ ಕಪ್ಪು, ಅಷ್ಟೆ. ಚಂದ್ರನ ಮೇಲೆ ಬೀಳುತ್ತಿರುವುದು ನೇರ ಬಿಸಿಲು, ಆದ್ದರಿಂದ ರಾತ್ರಿಯ ಎಕ್ಸ್‌ಪೋಶರ್ ಅದಕ್ಕೆ ಹೊಂದುವುದಿಲ್ಲ. ಪೂರ್ಣಚಂದ್ರನಿಗೆ ಎಫ್ 11 ಮತ್ತು ಐಎಸ್‌ಒ ಅಂಕಿಯ ವಿಲೋಮ ಎಂಬ ನಿಯಮವಿದೆ. ಎಂ ಮೋಡ್‌ನಲ್ಲಿ ಐಎಸ್‌ಒ 100, ಎಫ್ 6.3 ಇಟ್ಟರೆ ಸುಮಾರು 1/320 ಬರುತ್ತದೆ. ಅಲ್ಲಿಂದ ಆರಂಭಿಸಿ 1/160ರವರೆಗೆ ಇಳಿಸಿ ನೋಡಿ. ಅರ್ಧಚಂದ್ರನಿದ್ದಾಗ, ಇಲ್ಲವೇ ಚಂದ್ರ ದಿಗಂತದ ಬಳಿ ಮಬ್ಬಾಗಿದ್ದಾಗ, ಇನ್ನೂ ನಿಧಾನಿಸಬೇಕಾಗುತ್ತದೆ.

ಹಕ್ಕಿನೋಟ

ಫೋಕಸ್‌ಗೆ ನಡುಬಿಂದುವನ್ನು ಚಂದ್ರನ ಅಂಚಿನ ಮೇಲಿಡಿ, ಬೆಳಕು ಕತ್ತಲೆ ಅಲ್ಲಿ ಸಂಧಿಸುವುದರಿಂದ ಬೇಗ ಸಿಗುತ್ತದೆ. ಸಿಗದಿದ್ದರೆ ಬೆಟ್ಟದ ಗುರುತಿನ ಅನಂತ ಮೋಡ್. ಟ್ರೈಪಾಡ್ ಮೇಲಿಟ್ಟಿದ್ದರೆ ಸ್ಥಿರೀಕರಣವನ್ನು ಆಫ್ ಮಾಡಿ, ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿ. ಡಿಜಿಟಲ್ ಜೂಮ್ ಆಫ್ ಆಗಿದೆಯೇ ಎಂದೂ ನೋಡಿಕೊಳ್ಳಿ. ಅದು ಚಾಲೂ ಇದ್ದರೆ ಲೆನ್ಸ್ ತನ್ನ ಮಿತಿ ಮುಟ್ಟಿದ ಮೇಲೂ ಚಂದ್ರ ದೊಡ್ಡದಾಗುತ್ತ ಹೋಗುತ್ತಾನೆ, ಅವನ ಮೇಲಿನ ಕುಳಿಗಳು ಮಾತ್ರ ಒಂದೂ ಹೆಚ್ಚಾಗಿ ಕಾಣುವುದಿಲ್ಲ.